ಬಾನಿಯ ತಳ

ಕೆಂಪಿ ಬೂಸದ ಬುಟ್ಟಿಯನ್ನು ಮೂಸಿ ನೋಡಿ ಮುಖ ಆಚೆ ತಿರುಗಿಸಿತು. ಕಂಬಕ್ಕೊರಗಿ ನಿಂತಿದ್ದ ಪಟಾಲಮ್ಮ ಬುಟ್ಟಿಯನ್ನು ಇನ್ನಷ್ಟು ಹತ್ತಿರಕ್ಕೆ ತಳ್ಳಿದಳು.

"ನೆನ್ನೆ ಸಂಜೆಯಿಂದ ಇಂಗೇ ಐತೆ ಕಣ್ಲಾ ಪಿಳ್ಳಪ್ಪ. ಮೆಲುಕೂ ಆಕ್ತಿಲ್ಲ," ಎಂದಳು ಅಜ್ಜಿ ದೊಡ್ಡಮುನಿಯಮ್ಮ. "ಯಾವಳೋ ಕಣ್ಣಾಕವ್ಳೆ."

ಪಟಾಲಮ್ಮನ ಅಪ್ಪ ಪಿಳ್ಳಪ್ಪ ಹಸುವಿನ ಕಿವಿ ಮುಟ್ಟಿ ನೋಡಿದ, ಪಕ್ಕೆಯ ಮೇಲೆ ಬೆರಳಲ್ಲಿ ಬಡಿದು ನೋಡಿದ. "ಕಣ್ಣೂ ಇಲ್ಲ, ಮಣ್ಣೂ ಇಲ್ಲ. ಒಟ್ಟೆ ಉಬ್ರೈತೆ. ಎಬ್ಬಾಳದ ದನದಾಸ್ಪತ್ರೆಗೆ ಒಡ್ಕೊಂಡು ಓಯ್ತೀನಿ. ಪಟಾಲಿ, ಇಂದ್ಗಡೆಯಿಂದ ನೀನೂ ಬಾ ಮಗಾ."

ಪಟಾಲಮ್ಮ ಬಾಯಿ ತೆರೆಯದೆ ತಲೆಯಾಡಿಸಿದಳು. ಎರಡು ದಿನದಿಂದ ಅವಳು ಬಾಯಿ ತೆರೆಯುವುದನ್ನೇ ಬಿಟ್ಟಿದ್ದಳು. ಹಲ್ಲು ನೋವಿರಬೇಕೆಂದು ಮನೆಯವರು ಸುಮ್ಮನಿದ್ದರು. ತಾಯಿ ನಾರಾಯಣಮ್ಮ ಇದ್ದಿದ್ದರೆ ಅಷ್ಟಕ್ಕೆ ಬಿಡುತ್ತಿರಲಿಲ್ಲ. ಆಕೆ ತಂಗಿಯ ಬಾಣಂತನಕ್ಕೆಂದು ಸೋಲದೇವನಹಳ್ಳಿಗೆ ಹೋಗಿ ಎಂಟು ದಿನವಾಗಿತ್ತು.

ಚೀನಾ ಯುದ್ಧ ಮುಗಿದ ಮರುವರ್ಷದ ಮಾತು. ಕೊಡಿಗೇಹಳ್ಳಿಯಿಂದ ಮಲ್ಲೇಶ್ವರಕ್ಕೆ ಸೈಕಲ್ಲಿನಲ್ಲಿ ಹಾಲು ಹಾಕಲು ಹೋಗುತ್ತಿದ್ದ ಪಿಳ್ಳಪ್ಪ ಹಲ್ಲಿನ ಡಾಕ್ಟರೊಬ್ಬರ ಮನೆಗೂ ಹಾಲು ಕೊಡುತ್ತಿದ್ದ. ಒಂದು ಬೆಳಿಗ್ಗೆ ಕ್ಯಾನಿನ ಜೊತೆ ಮಗಳೂ ಸೈಕಲ್ಲಿನ ಮೇಲೆ ಬಂದಿದ್ದಳು. ತುಟಿ ದಾಟಿ ಆಚೆ ಇಣುಕುತ್ತಿದ್ದ ಅವಳ ಹಲ್ಲುಗಳನ್ನು ನೋಡಿ ಡಾಕ್ಟರು, "ಹದಿನಾಲ್ಕು ವರ್ಷ ತಾನೇ? ಸರಿ ಮಾಡ್ಬಹುದು ಕಣಯ್ಯ, ಆಸ್ಪತ್ರೆಗೆ ಕರ್ಕೊಂಡು ಬಾ," ಎಂದಿದ್ದರು. ಆಮೇಲೆ ಜಾಗ ಸಾಲದೆಂದು ಗಟ್ಟಿಮುಟ್ಟಾದ ಎರಡು ಹಲ್ಲು ಕಿತ್ತರು. ಕೀಳುವಾಗ ಮಗಳ ಕೈ ಹಿಡಿದುಕೊಂಡಿದ್ದ ಪಿಳ್ಳಪ್ಪ ಅವಳಿಗಿಂತ ಬಿಗಿಯಾಗಿ ಕಣ್ಣು ಮುಚ್ಚಿದ್ದ. ಹಲ್ಲುಗಳನ್ನು ಕರ್ಚೀಫಿನಲ್ಲಿ ಕಟ್ಟಿ ತಂದಾಗ ಅಜ್ಜಿ, ಹಾಲುಹಲ್ಲಿಗೆ ಮಾಡುವಂತೆಯೇ, ಸಗಣಿ ಉಂಡೆಯಲ್ಲಿಟ್ಟು ಹೆಂಚಿನ ಮೇಲೆ ಎಸೆದಳು.

ಮುಂದೆ ಬಂದದ್ದು ಕ್ಲಿಪ್ಪು. ಅಂಗುಳಿಗೆ ಅಂಟಿ ಕೂರುವ ಗುಲಾಬಿ ಬಣ್ಣದ ಬಿಲ್ಲೆ, ಅದರಿಂದ ಹೊರಟು ಮುಂದಿನ ಹಲ್ಲುಗಳನ್ನು ಹಿಡಿದು ಹಿಂದಕ್ಕೆ ನೂಕುವ ತಂತಿ. ಮೂರು ವಾರಕ್ಕೊಂದು ಬುಧವಾರ ಡಾಕ್ಟರು ಇಕ್ಕಳ ಹಿಡಿದು ಅದನ್ನು ಬಿಗಿ ಮಾಡುತ್ತಿದ್ದರು. ಹಿಂದಿನ ದಿನವೇ ಪಟಾಲಮ್ಮನ ಮುದ್ದೆ ತಟ್ಟೆಯಲ್ಲೇ ಉಳಿಯುತ್ತಿತ್ತು, ಅಂಗೈ ಬೆವರುತ್ತಿತ್ತು, ನಾಲ್ಕು ಸಲ ಹಿತ್ತಲಿಗೆ ಓಡುತ್ತಿದ್ದಳು. ಯಲಹಂಕದ ಸ್ಕೂಲಿನಲ್ಲಿ ಎದ್ದುನಿಂತು ಪಾಠ ಓದಿದರೆ ಮಾತಿನ ಜೊತೆ ಜೊಲ್ಲೂ ಬರುತ್ತಿತ್ತು. ಬೆಂಚಿಗೆ ಬೆಂಚೇ ಕಿಸಕ್ಕನೆ ನಗುತ್ತಿತ್ತು. ಇದನ್ನೆಲ್ಲ ಅವಳು ಯಾರಿಗೂ ಹೇಳಿರಲಿಲ್ಲ. ಅಪ್ಪ ಹಾದಿಯಲ್ಲಿ ಸಿಕ್ಕವರಿಗೆಲ್ಲ, "ನನ್ ಮಗಳಿಗೆ ದೊಡ್ಡಾಸ್ಪತ್ರೇಲಿ ಅಲ್ಲು ಕಟ್ತಾವ್ರೆ," ಎಂದು ಹೇಳಿಕೊಂಡು ತಿರುಗುವಾಗ ಹೇಳುವುದಾದರೂ ಹೇಗೆ?

ಊಟಕ್ಕೆ ಕೂರುವಾಗ ಕ್ಲಿಪ್ಪು ತೆಗೆದು ನೀರಿನ ಬೋಸಿಯಲ್ಲಿಡಬೇಕು. ಮೊನ್ನೆ ಸೋಮವಾರ ಉಂಡೆದ್ದ ಮೇಲೆ ಅಜ್ಜಿ ಬೋಸಿ, ತಪ್ಪಲೆ ಎಲ್ಲ ಬಾಚಿಕೊಂಡು ಹಿತ್ತಲಿಗೆ ಹೊರಟಳು. ಅಕ್ಕಿ ತೊಳೆದ ನೀರು, ಗಂಜಿ, ಪಾತ್ರೆ ಗಲಬರಿಸಿದ ನೀರು, ಎಲ್ಲವೂ ಅಲ್ಲಿನ ಕಲ್ಲುಬಾನಿಗೆ ಬೀಳಬೇಕು. ಆ ಕಲಗಚ್ಚೇ ಕೆಂಪಿಗೆ ಕುಡಿಯಲು. ಅಜ್ಜಿಗೆ ಕಣ್ಣು ಮಂಜು. ಪಟಾಲಮ್ಮನಿಗೆ ಮಂಜಲ್ಲ. ಬೋಸಿ ಅಜ್ಜಿಯ ಕೈಯಲ್ಲಿ ಬಾಗುವುದನ್ನು ಅವಳು ಬಾಗಿಲಲ್ಲಿ ನಿಂತು ನೋಡಿದಳು. "ಅಜ್ಜೀ" ಎಂದು ಒಂದು ಕೂಗು ಸಾಕಿತ್ತು. ಕೂಗಲಿಲ್ಲ. ಕ್ಲಿಪ್ಪು ಬುಳಕ್ಕನೆ ಮುಳುಗಿದಾಗ ಆದ ಸಂತೋಷ ಎಷ್ಟೆಂದರೆ, ಅವಳು ಓಡಿಹೋಗಿ ಬಾಯ್ತುಂಬ ನೀರು ಹಾಕಿಕೊಂಡು ಮುಕ್ಕಳಿಸಿ ಉಗಿದಳು.

ಆ ಸಂತೋಷ ಕೆಂಪಿ ಬಾನಿಗೆ ಮೂತಿ ಇಟ್ಟು ಸೊರ್ರನೆ ಹೀರುವವರೆಗೆ ಮಾತ್ರ ಇತ್ತು.

ಹೋದ ವರ್ಷ ಪಕ್ಕದ ಮನೆಯ ಮುನಿಯಲ್ಲಪ್ಪನ ಎತ್ತು ಹೀಗೇ ಮೇವು ಬಿಟ್ಟು ಸತ್ತಿತ್ತು. ಕುಯ್ದು ನೋಡಿದರೆ ಬೆರಳುದ್ದದ ತಂತಿ ಹೊಟ್ಟೆ ತೂರಿ ಎದೆಗೆ ಚುಚ್ಚಿತ್ತು. ಆ ತಂತಿಯನ್ನು ಊರಿಗೆ ಊರೇ ನೋಡಿತ್ತು, ಪಟಾಲಮ್ಮನೂ ನೋಡಿದ್ದಳು. ಮಂಗಳವಾರ ಬೆಳಿಗ್ಗೆ ಯಾರೂ ಇಲ್ಲದಾಗ ಬಾನಿಗೆ ಕೈ ಹಾಕಿದಳು. ಕಂಕುಳಿನವರೆಗೆ ಇಳಿಸಿದರೂ ತಳ ಸಿಗಲಿಲ್ಲ. ಸಂಜೆಗೆ ಕೆಂಪಿ ಮೇವು ಬಿಟ್ಟಿತು.

ಬಳ್ಳಾರಿ ರಸ್ತೆಯಲ್ಲಿ ಅಪ್ಪ ಹಗ್ಗ ಹಿಡಿದು ಮುಂದೆ, ಅವಳು ಹಿಂದೆ. ಏರ್‌ಫೋರ್ಸಿನ ಲಾರಿಯೊಂದು ಧೂಳೆಬ್ಬಿಸಿಕೊಂಡು ಹೋಯಿತು. ಆ ಹುಣಸೆಮರ ಬಂದ ಕೂಡಲೇ ಹೇಳಿಬಿಡುತ್ತೇನೆ ಎಂದುಕೊಂಡಳು. ಮರ ಬಂತು, ಹೋಯಿತು. ಕೆರೆ ಏರಿ ಬರಲಿ ಎಂದುಕೊಂಡಳು. ಏರಿಯೂ ಹಿಂದಾಯಿತು. ಕೆಂಪಿ ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತಿತ್ತು, ಅಪ್ಪ ಬೈಯದೆ ತಾನೂ ನಿಲ್ಲುತ್ತಿದ್ದ. ಅವನು ಒಂದು ಸಲವಾದರೂ ಬೈದಿದ್ದರೆ ಅವಳಿಗೆ ಹೇಳುವುದು ಸುಲಭವಾಗುತ್ತಿತ್ತು.

ದನದ ಡಾಕ್ಟರು ಕಿರಿವಯಸ್ಸಿನವರು. ಹಸುವಿನ ಸುತ್ತ ಒಮ್ಮೆ ಬಂದು ನೋಡಿ, "ತಂತಿ, ಮೊಳೆ ಏನಾದ್ರೂ ತಿಂದಿದೆಯೇನ್ರೀ?" ಎಂದು ಕೇಳಿದರು.

"ಚೆ ಚೆ, ಇಲ್ಲ ಸ್ವಾಮಿ. ನನ್ ಕೈಯಾರೆ ಮೇವಾಕ್ತೀನಿ."

"ತಿಂದೈತೆ," ಎಂದಳು ಪಟಾಲಮ್ಮ. ಎರಡು ದಿನದಲ್ಲಿ ಅವಳ ಬಾಯಿಂದ ಹೊರಟ ಮೊದಲ ಮಾತು ಅದು. "ನನ್ ಕ್ಲಿಪ್ಪು. ಬಾನೀಗ್ ಬಿತ್ತು. ತಂತಿ ಇಷ್ಟುದ್ದ ಐತೆ ಸಾರ್."

ಪಿಳ್ಳಪ್ಪ ಮಗಳ ಬಾಯಿಯನ್ನು ಈಗಷ್ಟೇ ಕಂಡವನಂತೆ ನೋಡಿದ. ಡಾಕ್ಟರು ಮುಷ್ಟಿ ಬಿಗಿದು ಕೆಂಪಿಯ ಎದೆಯ ಕೆಳಗೆ ಒತ್ತಿದರು. ಕೆಂಪಿ ಮಿಸುಕಿತು, ನರಳಲಿಲ್ಲ. "ಚುಚ್ಚಿದ ಹಾಗೆ ಕಾಣ್ಸಲ್ಲ. ಅನ್ನ-ಗಿನ್ನ ಜಾಸ್ತಿ ತಿಂದ್ರೂ ಹೀಗಾಗತ್ತೆ. ಈ ಪುಡಿ ಬೆಲ್ಲದ ಜೊತೆ ಕುಡ್ಸಿ. ಮೊದ್ಲು ಹೋಗಿ ಬಾನಿ ತಳ ತಡಕಿ. ಸಿಗ್ಲಿಲ್ಲ ಅಂದ್ರೆ ನಾಳೆ ಕರ್ಕೊಂಡು ಬನ್ನಿ, ಹೊಟ್ಟೆ ಕುಯ್ದು ನೋಡ್ಬೇಕಾಗತ್ತೆ."

ಊರು ಮುಟ್ಟಿದ ಮೇಲೆ ಅಪ್ಪ ಕೆಂಪಿಯನ್ನು ಕೊಟ್ಟಿಗೆಯಲ್ಲಿ ಕಟ್ಟಿದ.

ಹಿತ್ತಲಿಗೆ ಬಂದವನೇ ಅಂಗಿ ಬಿಚ್ಚಿ, ಬಾನಿಯ ಅಂಚಿಗೆ ಎದೆ ಆನಿಸಿ, ಹೆಗಲವರೆಗೆ ಕೈ ಇಳಿಸಿದ. ವಿಷಯ ತಿಳಿದ ಅಜ್ಜಿ ಹಣೆ ಚಚ್ಚಿಕೊಂಡಳು. "ಅಯ್ಯೋ, ನನ್ ಕಣ್ಣಿಗ್ ಬೆಂಕಿ ಆಕ! ಬೋಸಿ ಸುರಿದೋಳು ನಾನೇ ಕಣ್ಲಾ. ಮಾಲಯದಾಗೆ ಹಿರೀಕ್ರಿಗಿಟ್ಟ ಎಡೆ ಅನ್ನ ಮಿಕ್ಕಿತ್ತು ಅಂತ ತಪ್ಪಲೆಗಟ್ಲೆ ಆಕ್ದೋಳೂ ನಾನೇ. ಮಗೀನ ಏನೂ ಅನ್ಬ್ಯಾಡ."

ಮೊದಲು ಒಂದು ಹಿಡಿ ಗಷ್ಟು ಬಂತು. ಆಮೇಲೆ, ಮುನಿಯಲ್ಲಪ್ಪನ ಹೆಂಡತಿ ಕದ್ದಳೆಂದು ಅಜ್ಜಿ ಆರು ತಿಂಗಳಿನಿಂದ ಆಡಿಕೊಳ್ಳುತ್ತಿದ್ದ ಹಿತ್ತಾಳೆ ಚಮಚ ಬಂತು. ಆಮೇಲೆ ಬರಿಗೈ. ಇನ್ನೊಮ್ಮೆ ಬರಿಗೈ. ಪಟಾಲಮ್ಮ ತನ್ನ ಹೆಸರಿನ ದೇವರಿಗೇ ಹರಕೆ ಹೊತ್ತಳು, ಏನೆಂದು ಹೊತ್ತಳೋ ಅವಳಿಗೇ ನೆನಪಿಲ್ಲ. ಪಿಳ್ಳಪ್ಪ ಉಸಿರು ಕಟ್ಟಿ ಕೆನ್ನೆಯನ್ನೂ ಕಲಗಚ್ಚಿಗೆ ತಾಗಿಸಿ ತಡಕಿದ. ಮೇಲೆ ಬಂದ ಮುಷ್ಟಿಯಲ್ಲಿ ಬೂಸ ಮೆತ್ತಿದ ಕ್ಲಿಪ್ಪಿತ್ತು, ತಂತಿ ಸಮೇತ.

ಅಪ್ಪ ಕ್ಲಿಪ್ಪನ್ನು ನೀರಿನಲ್ಲಿ ಉಜ್ಜಿ ಉಜ್ಜಿ ತೊಳೆದ.

"ಅಜ್ಜಿ ಸುರಿಯೋವಾಗ ನೀನ್ ನೋಡ್ಲಿಲ್ವ ಮಗಾ?"

ತಪ್ಪನ್ನು ಅಜ್ಜಿ ಆಗಲೇ ಹೊತ್ತುಕೊಂಡಿದ್ದಳು. ಸುಮ್ಮನಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು.

"ನೋಡ್ದೆ."

"ಮತ್ತೆ?"

"ನೋಯ್ತದೆ ಅಪ್ಪಾ. ಇಸ್ಕೂಲಲ್ಲಿ ಎಲ್ಲಾರೂ ನಗ್ತಾರೆ. ಬುದ್ವಾರ ಬತ್ತದೆ ಅಂದ್ರೆ ಎದ್ರಿಕೆ ಆಯ್ತದೆ." ಅಷ್ಟು ಹೇಳುವಷ್ಟರಲ್ಲಿ ಅಳು ನುಗ್ಗಿತು.

ಪಿಳ್ಳಪ್ಪ ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಂಡ. "ನಂಗೂ ಅಂಗೇ ಆಯ್ತದೆ," ಎಂದ. "ಆ ಇಕ್ಕಳ ಕಂಡ್ರೆ ನಂಗೂ ಬೆವ್ರು ಬತ್ತದೆ. ನೀನ್ ಎದ್ರುಕೋಬಾರ್ದು ಅಂತ ಸುಮ್ಕಿರ್ತೀನಿ." ಕ್ಲಿಪ್ಪನ್ನು ಕಿಟಕಿಯ ಕಟ್ಟೆಯ ಮೇಲಿಟ್ಟ. "ಬ್ಯಾಡ ಅಂದ್ರೆ ಬ್ಯಾಡ ಬಿಡು. ಡಾಕ್ಟ್ರಿಗೆ ನಾನ್ ಮಾತಾಡ್ತೀನಿ."

ಕೆಂಪಿಗೆ ಪುಡಿ ಕುಡಿಸಿ ಅಪ್ಪ ಒಳಗೆ ಹೋದ. ಪಟಾಲಮ್ಮ ಕೊಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತಳು. ಕೆಂಪಿ ಮಲಗಿತ್ತು, ಬಾಯಿ ಆಡುತ್ತಿರಲಿಲ್ಲ. ಬಿಸಿಲು ಹೆಂಚಿನಿಂದ ಇಳಿದು ಬಾನಿಯವರೆಗೆ ಬಂತು. ಅವಳು ಎದ್ದು ಹೋಗಿ ಕಿಟಕಿಯ ಕಟ್ಟೆಯಿಂದ ಕ್ಲಿಪ್ಪು ತಂದು ಬಾಯಿಗಿಟ್ಟಳು. ಎರಡೇ ದಿನಕ್ಕೆ ಹಲ್ಲುಗಳು ಹಳೆಯ ಜಾಗಕ್ಕೆ ಹೊರಟುಬಿಟ್ಟಿದ್ದವು. ಕ್ಲಿಪ್ಪು ಅರ್ಧಕ್ಕೇ ನಿಂತಿತು. ಹೆಬ್ಬೆರಳಿಟ್ಟು ಒತ್ತಿದಳು. ನೋವಿಗೆ ಕಣ್ಣಲ್ಲಿ ನೀರು ಬಂತು. ಇನ್ನೊಮ್ಮೆ ಒತ್ತಿದಾಗ ಟಕ್ಕೆಂದು ಕೂತಿತು. ಬಾಯಿ ತುಂಬ ಬೂಸದ ವಾಸನೆ.

ಹಾಗೇ ಕಾಯುತ್ತ ಕೂತಳು. ಸ್ವಲ್ಪ ಹೊತ್ತಿಗೆ ಕೆಂಪಿಯ ಕತ್ತಿನಲ್ಲಿ ಮೆಲುಕಿನ ಒಂದು ಉಂಡೆ ಮೇಲೇರಿ ಬಂತು. ಅದರ ದವಡೆ ಒಮ್ಮೆ ಎಡಕ್ಕೆ ಸರಿದು, ನಿಂತು, ಮತ್ತೆ ಬಲಕ್ಕೆ ಸರಿಯಿತು.