ಕಮಾನಿನ ಕೆಳಗಿನ ಚಪ್ಪಡಿ

ಮಣ್ಣಾದ ಮಾರನೆಯ ದಿನ ನೆಂಟರೆಲ್ಲ ಹೊರಟುಹೋದರು. ಅದರ ಮರುದಿನ ಬೆಳಿಗ್ಗೆ ಮೆರೆರಿಡ್ ತನ್ನೊಬ್ಬಳಿಗೇ ಚಹಾ ಮಾಡಿಕೊಂಡಳು. ಬಾರಾ ಬ್ರಿತ್ ಎಂಬ ಒಣದ್ರಾಕ್ಷಿ ಬ್ರೆಡ್ಡಿನ ತುಂಡೊಂದಕ್ಕೆ ಬೆಣ್ಣೆ ಸವರಿ, ತಿನ್ನದೆ ಹಾಗೇ ಬಿಟ್ಟಳು. ಆರೂವರೆಗೆ ಕೆಳಗೆ ಅಂಗಳದಲ್ಲಿ ಇಥೆಲ್‌ನ ಹೆಜ್ಜೆ ಕೇಳಿಸಿತು.

ಗಂಡ ಇಥೆಲ್ ಸತ್ತ ಮರುದಿನದಿಂದ ಇದು ಐದನೆಯ ಬೆಳಿಗ್ಗೆ. ಈಗ ಬೆಚ್ಚುತ್ತಿರಲಿಲ್ಲ, ಕಾಯುತ್ತಿದ್ದಳು.

ಅವನು ಗರ್ಥ್‌ವೆನ್ ಬಂಗಲೆಯ ಕಲ್ಲುಕೆಲಸದವನಾಗಿದ್ದ. ಅವರ ಮನೆ ಕುದುರೆಲಾಯದ ಅಟ್ಟದ ಮೇಲೆ. ಸುತ್ತ ನಾಲ್ಕೂ ಕಡೆ ಬೂದುಗಲ್ಲಿನ ಕಟ್ಟಡ, ನಡುವೆ ಉರುಟುಗಲ್ಲು ಹಾಸಿದ ಅಂಗಳ, ಹೊರಕ್ಕೆ ಗಡಿಯಾರದ ಗೋಪುರದ ಕೆಳಗಿನ ಕಮಾನೊಂದೇ ದಾರಿ. ಎದುರಿನ ಗೋಡೆಯಲ್ಲಿ ಐದು ಕಿಟಕಿ. ಅದರಲ್ಲಿ ಎರಡು ಕಿಟಕಿಯೇ ಅಲ್ಲ, ಈಚೆ ಗೋಡೆಗೆ ಸರಿಜೋಡಿಯಾಗಲೆಂದು ಕಲ್ಲಿನ ಮೇಲೆ ಬಳಿದ ಬಣ್ಣ. ಈಚೆಗೆ ಅವಳು ಆ ಎರಡರ ಕಡೆ ನೋಡುತ್ತಿರಲಿಲ್ಲ.

ಹೆಜ್ಜೆಗಳು ಜೀನುಕೋಣೆಯ ಬಾಗಿಲಿಂದ ಹೊರಟು, ಅಂಗಳ ದಾಟಿ, ಕಮಾನಿನ ಕೆಳಗೆ ನಿಂತವು. ಹೊರಗೆ ಹೋಗಲಿಲ್ಲ, ಹಿಂದಕ್ಕೂ ಬರಲಿಲ್ಲ. ಬಗ್ಗಿ ನೋಡಿದರೆ ಬರೀ ಇಬ್ಬನಿ ಕೂತ ಕಲ್ಲು.

ಅವಳು ಇಳಿದು ಹೋದಾಗ ಕುದುರೆ ನೋಡಿಕೊಳ್ಳುವ ಮುದುಕ ಇಡ್ವಲ್ ಕಮಾನಿನ ಹತ್ತಿರ ಕರಿ ಹೆಣ್ಣುಕುದುರೆಯೊಂದನ್ನು ಎಳೆದಾಡುತ್ತಿದ್ದ.

"ಐದು ದಿನ ಆಯ್ತು, ಈ ಮಹಾರಾಣಿ ಕಮಾನು ದಾಟಲ್ಲ ಅಂತಾಳೆ. ಯಾರೋ ನಿಂತಿರೋ ಹಾಗೆ ಪಕ್ಕಕ್ಕೆ ಸರೀತಾಳೆ."

"ನಿಮಗೂ ಕೇಳಿಸ್ತಾ, ತಾತ?"

"ನಂಗೆ ಎಡಗಿವಿ ಮಾತ್ರ ಮಂದ ಕಣಮ್ಮ."

ಅವನು ಕೋಲಿನಿಂದ ನೆಲ ಕುಟ್ಟಿದ. ಸುತ್ತಲಿನ ಕಲ್ಲುಗಳು ಗುಂಯ್ ಎಂದವು. ಕಮಾನಿನ ನಡುವಿನ ಚಪ್ಪಡಿ ಮಾತ್ರ ಒದ್ದೆ ಬಟ್ಟೆಯ ಹಾಗೆ ಸದ್ದು ನುಂಗಿತು.

"ಕಟ್ಟೋವಾಗ ಇದರಡಿ ಕುದುರೆ ಬುರುಡೆ ಇಟ್ಟಿದ್ರು. ಬರೋರು ಹೋಗೋರ ಸದ್ದು ಅಂಗಳಕ್ಕೆ ಗೊತ್ತಾಗ್ಲಿ ಅಂತ. ಚಪ್ಪಡಿ ಸರಿ ಮಾಡೋವಾಗ ನಿನ್ನ ಗಂಡ ಅದನ್ನ ತೆಗ್ದ. ಚಿತ್ರ ಬರ್ಕೊಂಡು ವಾರದಲ್ಲಿ ವಾಪಸ್ ಇಡ್ತೀನಿ ಅಂದ. ಬುರುಡೆ ಇಲ್ದೆ ಚಪ್ಪಡಿ ಮುಚ್ಚಬೇಡಪ್ಪ ಅಂದೆ. ಕೇಳಿದ್ನಾ?"

"ಒಂದು ಮೂಳೆ, ತಾತ."

"ಎರವಲು ಎರವಲೇ. ಅವನು ವಾಪಸ್ ಕೊಡೋದ್ರಲ್ಲಿ ಯಾವಾಗ್ಲೂ ನಿಧಾನ. ನನ್ನ ಸುತ್ತಿಗೆ ಹೋಗಿ ಎರಡು ವರ್ಷ."

ಅವಳಿಗೆ ನಗು ಬರುವುದರಲ್ಲಿತ್ತು.

"ನೀನು ಓದಿದ ಯೂನಿವರ್ಸಿಟೀಲಿ ಇದನ್ನೆಲ್ಲ ಹೇಳ್ಕೊಡಲ್ಲ, ಗೊತ್ತು," ಎಂದ ಇಡ್ವಲ್. "ತಗೊಂಡಿದ್ದನ್ನ ವಾಪಸ್ ಇಡ್ದೆ ಅವನು ದಾಟಕ್ಕಾಗ್ದೆ ನಿಂತಿದಾನೆ. ನಂಗೆ ತಿಳಿಯೋದು ಅಷ್ಟೇ."

"ವಾಪಸ್ ಇಟ್ರೆ ನಾಳೆ ಬರಲ್ಲ, ಅಲ್ವಾ?"

ಮುದುಕ ಕುದುರೆಯ ಜೂಲಿಗೆ ಬೆರಳು ಸಿಕ್ಕಿಸಿಕೊಂಡು ನಿಂತ. "ಬರಲ್ಲಮ್ಮ."

"ಹಾಗಾದ್ರೆ ಇಡಲ್ಲ."

ಮೇಲೆ ಬಂದು ಬಾಗಿಲು ಹಾಕಿಕೊಂಡಳು. ಅವನ ಮೇಜಿನ ಮೇಲೆ, ಹಳೆಯ ಪತ್ರಿಕೆಯ ಮೇಲೆ ಬುರುಡೆ ಇತ್ತು. ಪಕ್ಕದಲ್ಲಿ ಹಲ್ಲು ಬರೆಯದೆ ಉಳಿದ ಚಿತ್ರ. ಅವನ ಅಂಗಿಗಳಲ್ಲಿ ವಾಸನೆ ಆಗಲೇ ಮಾಸಿತ್ತು. ಅವನದು ಎನ್ನುವಂಥದ್ದರಲ್ಲಿ ಇನ್ನೂ ಜೀವ ಇದ್ದದ್ದು ಆ ಹೆಜ್ಜೆಗೆ ಮಾತ್ರ. ಅದನ್ನು ಯಾಕೆ ಕೊಡಬೇಕು?

ಕೆಳಗೆ ಹೆಜ್ಜೆ ಮತ್ತೆ ಶುರುವಾಯಿತು. ಒಂದೇ ಬೆಳಿಗ್ಗೆ ಎರಡು ಸಲ ಹಿಂದೆ ಯಾವತ್ತೂ ಕೇಳಿಸಿರಲಿಲ್ಲ.

ಅವಳು ಉಸಿರು ಹಿಡಿದು ಆಲಿಸಿದಳು. ನಡಿಗೆ ನಿಧಾನವಾಗಿತ್ತು. ಬಲಗಾಲು ಎಳೆಯುತ್ತಿತ್ತು, ದಿನವಿಡೀ ಕಲ್ಲು ಹೊತ್ತು ಬಂದ ಸಂಜೆಗಳಲ್ಲಿ ಎಳೆಯುತ್ತಿದ್ದ ಹಾಗೆ. ಅಂಥ ಸಂಜೆ ಅವನು ಬೂಟು ಬಿಚ್ಚಲೂ ಆಗದೆ ಕೂತಿರುತ್ತಿದ್ದ, ಅವಳೇ ಬಿಚ್ಚುತ್ತಿದ್ದಳು. ಹೆಜ್ಜೆ ಕಮಾನಿನ ಕೆಳಗೆ ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಜೀನುಕೋಣೆಯ ಬಾಗಿಲಿಂದ, ಮತ್ತೆ ಮೊದಲಿಂದ. ಈ ಸಲ ನಡುವೆ ಎರಡು ಕಡೆ ತಡೆಯಿತು.

ಅವಳು ಬುರುಡೆಯನ್ನು ಟವೆಲಿನಲ್ಲಿ ಸುತ್ತಿಕೊಂಡು ಇಳಿದಳು.

ಇಡ್ವಲ್ ಹಾರೆ ತಂದು ಚಪ್ಪಡಿ ಎಬ್ಬಿದ. ಅಡಿಯಲ್ಲಿ ಒಣಮಣ್ಣು, ಬುರುಡೆ ಕೂತಿದ್ದ ಗುರುತು.

"ಕೊಡಮ್ಮ ಇತ್ಲಾಗೆ."

"ನಾನೇ ಇಡ್ತೀನಿ. ಮುಖ ಯಾವ ಕಡೆಗೆ?"

"ಅಂಗಳದ ಕಡೆಗೆ."

ಮೆರೆರಿಡ್ ಮಂಡಿಯೂರಿದಳು. ಅವಳ ಬೆನ್ನ ಹಿಂದೆ, ತೀರ ಹತ್ತಿರ, ಯಾರೋ ಕಾಲು ಬದಲಿಸಿ ನಿಂತರು. ಅವಳು ತಿರುಗಲಿಲ್ಲ. ಎರಡೂ ಕೈಯಲ್ಲಿ ಬುರುಡೆಯನ್ನು ತಗ್ಗಿಗೆ ಇಳಿಸಿ, ಸರಿಯಾಗಿ ಕೂರುವವರೆಗೆ ಮೆಲ್ಲಗೆ ಒತ್ತಿದಳು.