ಮಷೀನಿಗೆ ತುಂಬಿದ ಉಡಿ

ನನ್ನ ಬಾಯಿ ಜೋರು ಎಂದು ಕರೋಶಿಯಲ್ಲಿ ಎಲ್ಲರೂ ಹೇಳುತ್ತಾರೆ. ಹೇಳಲಿ. ಆ ಬಾಯಿ ಇಲ್ಲದಿದ್ದರೆ ನಮ್ಮ ಮಹಿಳಾ ಸಂಘದ ಖಾರ ಕುಟ್ಟುವ ಮಷೀನು ಇವತ್ತು ಯಾವುದೋ ಸರ್ಕಾರಿ ಗೋದಾಮಿನಲ್ಲಿ ತುಕ್ಕು ಹಿಡಿಯುತ್ತಿತ್ತು.

ಮಷೀನು ಬಂದದ್ದು ಕೇಂದ್ರ ಸರ್ಕಾರದ ಅನುದಾನದಲ್ಲಿ. ಅದರ ಬೆನ್ನಿಗೇ ನಿಯಮಗಳ ಪುಸ್ತಕವೂ ಬಂತು. ಕಾರ್ಯದರ್ಶಿ ನಾನಾದ್ದರಿಂದ ಓದುವ ಕರ್ಮವೂ ನನ್ನದೇ. ಬೇರೆ ಬೇರೆ ಅಂಗಡಿಗಳ ದರಪಟ್ಟಿ ತರಿಸಬೇಕು, ಸಂಘಕ್ಕೆ ಬಂದ ವಸ್ತುವಿಗೆಲ್ಲ ನಂಬರು ಹಾಕಿ ದಾಸ್ತಾನು ವಹಿಯಲ್ಲಿ ಬರೆಯಬೇಕು, ಮಾರುವವರಿಂದ ಯಾರೂ ಸ್ವಂತಕ್ಕೆ ಏನೂ ಪಡೆಯಬಾರದು. ತಪ್ಪಿದರೆ ಮಷೀನು ವಾಪಸ್, ಎರಡನೆಯ ಕಂತೂ ಇಲ್ಲ. ಇದನ್ನು ಸಭೆಯಲ್ಲಿ ಗಂಟಲು ಹರಿಯುವಂತೆ ಓದಿದ್ದೆ. ಎಲ್ಲರೂ ತಲೆಯಾಡಿಸಿದ್ದರು.

ಕಡಿಮೆ ದರ ಬರೆದವನ ಅಂಗಡಿ ನಿಪ್ಪಾಣಿಯಲ್ಲಿತ್ತು. ಆರ್ಡರ್ ಕೊಟ್ಟಾದ ಮೇಲೆ ಮಷೀನು ತರಲು ಎಲ್ಲರೂ ಟೆಂಪೋ ಮಾಡಿಕೊಂಡು ಹೋದೆವು. ನಾನು ಬಿಲ್ಲು ತಿದ್ದಿಸುತ್ತ ನಿಂತಿದ್ದಾಗ, ಹಿಂದಿನ ಮನೆಯಲ್ಲಿ ಅಂಗಡಿಯವನ ತಾಯಿ ಶೇವಂತಾಬಾಯಿ ನಮ್ಮ ಹೆಂಗಸರನ್ನೆಲ್ಲ ಸಾಲಾಗಿ ಕೂರಿಸಿ ಉಡಿ ತುಂಬಿಬಿಟ್ಟಿದ್ದಳು. ಒಬ್ಬೊಬ್ಬರ ಸೆರಗಿನಲ್ಲೂ ಕುಪ್ಪಸಕ್ಕೆಂದು ಒಂದು ಖಣ, ಒಂದು ತೆಂಗಿನಕಾಯಿ. ನಮ್ಮ ಜೊತೆಗಿದ್ದ ಟೇಲರ್ ವಾಜಿದಾಳನ್ನೂ ಬಿಟ್ಟಿರಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು.

ವಾಪಸ್ ಕೊಡಿ ಎಂದೆ. ನಮ್ಮ ಅಧ್ಯಕ್ಷೆ ಕಮಲಾಬಾಯಿ ನನ್ನ ತಾಯಿಯ ವಯಸ್ಸಿನವಳು. ಸೆರಗನ್ನು ಇನ್ನೂ ಬಿಗಿಯಾಗಿ ಹಿಡಿದಳು.

"ತುಂಬಿದ ಉಡಿ ಯಾರರ ತಿರುಗಿ ಕೊಡತಾರೇನ, ತ್ರಿಶಲಾ? ಆ ಪುಸ್ತಕಾ ಬರದಾಂವಗ ಅಕ್ಕ-ತಂಗಿ ಇರಲಿಲ್ಲೇನ?"

ದಾರಿಯುದ್ದಕ್ಕೂ ಜಗಳ. ಉಡಿ ತಿರುಗಿಸಬಾರದು ಎಂದು ನನಗೂ ಗೊತ್ತು, ನಾನೇನು ಆಕಾಶದಿಂದ ಉದುರಿದವಳೇ? ಆದರೆ ಮನೆಗೆ ಒಯ್ದರೆ ಅದು ಲಂಚ. ಊರು ಹತ್ತಿರ ಬಂದಾಗ ಹೊಳೆಯಿತು. ಉಡಿ ನಮಗಲ್ಲ, ಮಷೀನಿಗೆ ಬಂದದ್ದು! ಕಾಯಿಗಳನ್ನು ಮಷೀನಿನ ಪೂಜೆಗೆ ಒಡೆಸಿ ಓಣಿಗೆಲ್ಲ ಹಂಚಿದೆ. ಖಣಗಳನ್ನು ಮನೆಮನೆಗೆ ಹೋಗಿ ಇಸಿದುಕೊಂಡೆ. ನಮ್ಮ ಸಂಘದ ಸುಗಂಧಾ ತನ್ನದನ್ನು ಆಗಲೇ ಕುಪ್ಪಸ ಹೊಲಿಯಲು ಕೊಟ್ಟಿದ್ದಳು. ಕತ್ತರಿ ಬೀಳುವ ಮೊದಲು ಓಡಿಹೋಗಿ ಕಿತ್ತುಕೊಂಡೆ. ಎಲ್ಲವನ್ನೂ ಕೂಡಿಸಿ ವಾಜಿದಾ ಮಷೀನಿಗೆ ಹೊದಿಕೆ ಹೊಲಿದು, ಮೂಲೆಯಲ್ಲಿ ದಾಸ್ತಾನು ನಂಬರನ್ನು ದಾರದಲ್ಲಿ ಮೂಡಿಸಿದಳು. ನಾನು ವಹಿಯಲ್ಲಿ ಬರೆದುಕೊಂಡೆ. ಆಮೇಲೆ ಬಹಳ ದಿನ ಸುಗಂಧಾ ನನ್ನ ಮುಖ ನೋಡಲಿಲ್ಲ. ಖಣಗಳ್ಳಿ ಎಂದು ಹೆಸರಿಟ್ಟಿದ್ದಳಂತೆ.

ಬೇಸಿಗೆಯಲ್ಲಿ, ಖಾರದ ಹಂಗಾಮು ಜೋರಾಗಿದ್ದಾಗ, ಒಂದು ಬೆಳಿಗ್ಗೆ ಬೆಳಗಾವಿಯಿಂದ ಅಧಿಕಾರಿಣಿಯೊಬ್ಬರು ಬಂದರು. ಆ ದಿನ ಮಷೀನು ಇನ್ನೂ ಶುರುವಾಗಿರಲಿಲ್ಲ, ಹೊದಿಕೆ ಮೇಲೇ ಇತ್ತು. ಅವರ ಕೈಯಲ್ಲಿ ಹೆಸರಿಲ್ಲದ ದೂರು ಇತ್ತು. ಸಂಘದ ಹೆಂಗಸರು ಅಂಗಡಿಯವನಿಂದ ಬಟ್ಟೆ ಪಡೆದಿದ್ದಾರಂತೆ. ನಿಜವೇ ಎಂದು ನೇರವಾಗಿ ಕಮಲಾಬಾಯಿಯನ್ನೇ ಕೇಳಿದರು. ಈ ಮುದುಕಿಗೆ ಸುಳ್ಳು ಹೇಳಿ ಗೊತ್ತೇ ಇಲ್ಲ.

"ಹೌದ್ರಿ, ತಗೊಂಡೇವಿ," ಎಂದು ಮಷೀನಿನತ್ತ ಕೈ ತೋರಿಸಿದಳು. "ಅಲ್ಲಿ ಐತಿ ನೋಡ್ರಿ."

ಅಧಿಕಾರಿಣಿ ಆ ಬಣ್ಣಬಣ್ಣದ ಹೊದಿಕೆಯ ಹತ್ತಿರ ಹೋದರು. ಮೂಲೆಯ ನಂಬರು ಓದಿ ವಹಿಯ ಜೊತೆ ತಾಳೆ ನೋಡಿದರು. ಖಣಗಳನ್ನು ಒಂದೊಂದಾಗಿ ಮುಟ್ಟಿ ಎಣಿಸಿದರು. ಸುಗಂಧಾಳದೂ ಸೇರಿ ಲೆಕ್ಕ ಸರಿಹೋಯಿತು. ಆರ್ಡರಿನ ತಾರೀಖು ಉಡಿಗಿಂತ ಮೊದಲಿನದು, ಅಂದರೆ ಉಡಿಯ ಆಸೆಗೆ ಆರ್ಡರ್ ಕೊಟ್ಟದ್ದಲ್ಲ. ಅವರು ನಕ್ಕುಬಿಟ್ಟರು. ದೂರಿನಲ್ಲಿ ಹುರುಳಿಲ್ಲ ಎಂದು ಅಲ್ಲೇ ಬರೆದು, ಎರಡನೆಯ ಕಂತಿಗೆ ಶಿಫಾರಸು ಮಾಡಿ ಸಹಿ ಹಾಕಿದರು. ನನಗೆ ಕುಣಿಯಬೇಕೆನಿಸಿತು. ಸುಗಂಧಾ ಬಂದು ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು.

ಅವರು ಹೊರಡುವಾಗ ಕಮಲಾಬಾಯಿ ತಟ್ಟೆ ಹಿಡಿದು ಬಂದಳು. ಅದರಲ್ಲಿ ಅವಳದೇ ಟ್ರಂಕಿನ ಹೊಸ ಖಣ. ನಾನು ಹಣೆ ಚಚ್ಚಿಕೊಂಡೆ. ಅಧಿಕಾರಿಣಿ ಒಂದು ಹೆಜ್ಜೆ ಹಿಂದೆ ಸರಿದರು.

"ನನಗೂ ಅದೇ ನಿಯಮ ಐತ್ರಿ, ಅವ್ವಾ. ಕುಂಕುಮ ಸಾಕು."

ಹಣೆಗೆ ಕುಂಕುಮ ಹಚ್ಚಿಸಿಕೊಂಡು ಅವರು ಜೀಪು ಹತ್ತಿದರು. ಕಮಲಾಬಾಯಿ ಒಂದಿಷ್ಟೂ ಬೇಜಾರು ಮಾಡಿಕೊಳ್ಳದೆ ಖಣವನ್ನು ವಾಜಿದಾಳ ಕೈಗಿಟ್ಟು, ಮೋಟಾರಿಗೂ ಒಂದು ಹೊದಿಕೆ ಹೊಲಿಯಲು ಹೇಳಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ನೀ ಏನ ನೋಡಾಕತ್ತಿ? ಬರಕೋ ವಹಿದಾಗ."