ಮರಳಿ ಬಂದ ಕೆಂಪು

ನಾದಿನಿಯ ಕಣ್ಣಿಗೆ ಅತ್ತಿಗೆಯ ಉದ್ಯೋಗವೆಂದರೆ ಬಾಟಲಿ ತೊಳೆಯುವುದು. ಮನೆಗೆ ಬಂದವರೆದುರು ಹಾಗೆಂದು ನಗಾಡುವುದೂ ಉಂಟು. ಅದಕ್ಕೇ ಒಂದು ಮಧ್ಯಾಹ್ನ ಅತ್ತಿಗೆ ಅವಳನ್ನು ತನ್ನ ಪ್ರಯೋಗಾಲಯಕ್ಕೆ ಕರೆದುಕೊಂಡು ಹೋದಳು. ಜಂಬ, ಬೇರೇನಲ್ಲ.

ತೋರಿಸಲು ಅತ್ತಿಗೆ ತಾನೇ ಬೆಳೆಸಿದ ಜೀವಕೋಶಗಳಿದ್ದವು. ನೋಡಲು ಅವು ನೆಲಕ್ಕೆ ಚೆಲ್ಲಿದ ಅಕ್ಕಿಯ ಹಾಗೆ. ಪಕ್ಕದ ಮೇಜಿನ ಗೆಳತಿ ಬೆಳೆಸಿದ ನರಕೋಶಗಳೋ, ಒಂದಕ್ಕೊಂದು ಕೈಚಾಚಿ ಬಲೆ ಹೆಣೆದುಕೊಂಡಿದ್ದವು. ಏನನ್ನೂ ಮತ್ತೆ ಮತ್ತೆ ತೂಗದೆ ಬಿಡದ ಆ ಗೆಳತಿಗೆ ತಕ್ಕಡಿ ಎಂದೇ ಹೆಸರು. ಅಂದು ತಕ್ಕಡಿಗೆ ರಜೆ. ಅತ್ತಿಗೆ ಕೇಳದೆಯೇ ಅವಳ ನರಕೋಶಗಳ ತಟ್ಟೆಯನ್ನು ಕಾವುಪೆಟ್ಟಿಗೆಯಿಂದ ತೆಗೆದು ಸೂಕ್ಷ್ಮದರ್ಶಕದಡಿ ಇಟ್ಟಳು.

"ಇಷ್ಟೆಲ್ಲ ನೀನೇ ಬೆಳೆಸಿದ್ದಾ ಅತ್ತಿಗೆ?" ಎಂದಳು ನಾದಿನಿ.

ಅತ್ತಿಗೆ ಹೂಂ ಅಂದುಬಿಟ್ಟಳು. ಆ ಖುಷಿಯಲ್ಲಿ ಇಬ್ಬರೂ ಚಹಾಕ್ಕೆ ಹೋದರು, ಮಾತಿಗೆ ಮಾತು ಬೆಳೆಯಿತು, ತಟ್ಟೆ ಹೊರಗೇ ಉಳಿಯಿತು.

ಅತ್ತಿಗೆ ತನ್ನ ಕೋಶಗಳ ದ್ರವಕ್ಕೆ ಹೆಪೆಸ್ ಎಂಬ ಪುಡಿ ಬೆರೆಸುತ್ತಿದ್ದಳು. ಹೊರಗಿನ ಗಾಳಿಯಲ್ಲೂ ಅದು ಹುಳಿ-ಕ್ಷಾರದ ಹದ ಬೇಗ ಕೆಡಗೊಡದು. ತಟ್ಟೆ ಹೊರಗಿದ್ದರೂ ಚಿಂತಿಸದ ಆ ಅಭ್ಯಾಸಬಲವೇ ಅವಳಿಗೆ ಕೈಕೊಟ್ಟಿತು. ತಕ್ಕಡಿಯ ದ್ರವದಲ್ಲಿದ್ದದ್ದು ಬರೀ ಸೋಡಾ. ಪೆಟ್ಟಿಗೆಯೊಳಗಿನ ಇಂಗಾಲದ ಡೈಆಕ್ಸೈಡ್ ಜೊತೆಗಿದ್ದರಷ್ಟೇ ಅದರ ಆಟ. ಮರಳಿ ಬಂದಾಗ ಕೆಂಪಗಿದ್ದ ದ್ರವ ಗುಲಾಬಿ ದಾಟಿ ನೇರಳೆಗೆ ತಿರುಗಿತ್ತು. ಕ್ಷಾರ ಏರಿದಾಗ ಬರುವ ಬಣ್ಣ ಅದು. ತಕ್ಕಡಿಗೊಂದು ಫೋನ್ ಮಾಡಬೇಕಿತ್ತು. ಮಾಡಲಿಲ್ಲ. ತಟ್ಟೆಯನ್ನು ಒಳಗಿಟ್ಟು ಬಾಗಿಲು ಹಾಕಿದಳು.

ಬೆಳಗಾಗುವಷ್ಟರಲ್ಲಿ ಬಣ್ಣ ಮೊದಲಿನ ಕೆಂಪಿಗೇ ಮರಳಿತ್ತು, ಸಾಚಾ ಮುಖ ಹೊತ್ತು. ಕೋಶಗಳು ಮಾತ್ರ ಉದುರಿ ತೇಲುತ್ತಿದ್ದವು. ರಜೆ ಮುಗಿಸಿ ಬಂದ ತಕ್ಕಡಿ ತನ್ನನ್ನೇ ಅನುಮಾನಿಸಿದಳು. ಸೋಡಾ ತೂಗಿದ್ದರಲ್ಲೇ ತಪ್ಪಿದೆಯೆಂದು ಮಾಡಿಟ್ಟ ದ್ರವವನ್ನೆಲ್ಲ ಚೆಲ್ಲಿದಳು. ನರಕೋಶದ ಕೆಲಸವನ್ನು ಇನ್ನು ಬೇರೆಯವರಿಗೆ ಕೊಡುವುದಾಗಿ ಪ್ರಯೋಗಾಲಯದ ಮುಖ್ಯಸ್ಥರು ಹೇಳಿದರು. ಅತ್ತಿಗೆಗೆ ಅದು ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಸಂಜೆ ತಕ್ಕಡಿಯೇ ಅವಳನ್ನು ಹತ್ತಿರ ಕರೆದಳು.

"ನಾನು ತೂಗೋದನ್ನ ಒಂಚೂರು ನೋಡ್ತೀಯಾ? ನನ್ನ ಕೈ ಮೇಲೆ ನಂಗೇ ನಂಬಿಕೆ ಹೋಗಿದೆ."

ಅತ್ತಿಗೆಗೆ ನಾಚಿಕೆಯಿಂದ ಮೈಯೆಲ್ಲ ಹಿಡಿಯಾಯಿತು. ನಾದಿನಿ, ಚಹಾ, ಆ ಸುಳ್ಳು ಹೂಂ, ಎಲ್ಲವನ್ನೂ ಒಪ್ಪಿಸಿದಳು. ತಕ್ಕಡಿ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ಬಣ್ಣ ತಿರುಗಿದ್ದು ನೋಡಿದ್ಯಾ?"

"ನೋಡಿದೆ."

"ಆಗಲೇ ಹೇಳಿದ್ರೆ ಓಡಿ ಬಂದು ದ್ರವ ಬದಲಾಯಿಸ್ತಿದ್ದೆ. ಒಂದಷ್ಟಾದ್ರೂ ಉಳೀತಿದ್ವು."

ಅತ್ತಿಗೆ ಮುಖ್ಯಸ್ಥರಿಗೂ ಹೇಳಿದಳು. ತಕ್ಕಡಿಯ ಕೆಲಸ ತಕ್ಕಡಿಗೇ ಉಳಿಯಿತು, ಮಾತುಕತೆ ಮಾತ್ರ ಕೆಲಸಕ್ಕೆ ಬೇಕಾದಷ್ಟೇ.

ಮನೆಗೆ ಬಂದರೆ ಬಾಗಿಲಲ್ಲೇ ಚಪ್ಪಲಿಗಳ ಸಾಲು. ಒಳಗೆ ನಾದಿನಿ ನೆಂಟರೆದುರು ಅತ್ತಿಗೆಯನ್ನು ಹೊಗಳಿ ಅಟ್ಟಕ್ಕೇರಿಸುತ್ತಿದ್ದಳು. ಎಂಥ ಜೀವಗಳನ್ನು ಬೆಳೆಸಿದ್ದಾಳೆ, ಕಣ್ಣಾರೆ ನೋಡಿದೆ ಎಂದು ವರ್ಣಿಸುತ್ತ, ನೀನೇ ಹೇಳು ಎಂದು ಕೈಹಿಡಿದು ನಡುವೆ ಕೂರಿಸಿದಳು. ಎಷ್ಟೋ ವರ್ಷಗಳಿಂದ ಕಾದಿದ್ದ ಹೊಗಳಿಕೆ.

"ಅವು ನನ್ನವಲ್ಲ," ಎಂದಳು ಅತ್ತಿಗೆ. "ಬೆಳೆಸಿದ್ದು ನನ್ನ ಗೆಳತಿ. ಸಾಯಿಸಿದ್ದು ನಾನು."